4½ ಇಂಚಿನ ಬ್ಯಾಂಡ್ ಸಾ: ಕಟ್ ಓರೆ ಬರುತ್ತೆ, ಬ್ಲೇಡ್ ಕಳಚುತ್ತೆ, ಯಾವುದನ್ನು ಮೊದಲು ಸರಿಮಾಡಬೇಕು?

ಮನೆ_ವರ್ಕ್‌ಶಾಪ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮನೆಯ ಶೆಡ್ಡಿನಲ್ಲಿ ಕಬ್ಬಿಣ ಕತ್ತರಿಸುವ ಸಣ್ಣ ಬ್ಯಾಂಡ್ ಸಾ (ಎರಡು ಚಕ್ರದ ಮೇಲೆ ಪಟ್ಟಿಯಂತೆ ಸುತ್ತುವ ಬ್ಲೇಡಿನ ಗರಗಸ) ಕೂರಿಸಿದ್ದೇನೆ. ಮಲಗಿಸಿಯೂ ನಿಲ್ಲಿಸಿಯೂ ಬಳಸಬಹುದಾದ ಮಾದರಿ. ವಿವರ ಹೀಗಿದೆ:

ಬ್ಲೇಡ್ 1638 ಮಿ.ಮೀ. ಉದ್ದ, 12.7 ಮಿ.ಮೀ. ಅಗಲ, 0.64 ಮಿ.ಮೀ. ದಪ್ಪ, ಇಂಚಿಗೆ 14 ಹಲ್ಲು. ಮೆಷಿನ್ ಜೊತೆ ಬಂದ ಕಾರ್ಬನ್ ಸ್ಟೀಲ್ ಬ್ಲೇಡೇ ಇದೆ. ಮೋಟಾರ್ ಅರ್ಧ ಎಚ್‌ಪಿ, ಸಿಂಗಲ್ ಫೇಸ್, 1440 ಆರ್‌ಪಿಎಂ. ಪುಲ್ಲಿಯಲ್ಲಿ ಮೂರು ಮೆಟ್ಟಿಲು: ನಿಮಿಷಕ್ಕೆ 20, 29, 50 ಮೀಟರ್.

ತೊಂದರೆ ಮೂರು. 50 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ರಾಡ್ ಕತ್ತರಿಸಿದರೆ ಮೇಲಿಂದ ಕೆಳಗೆ ಬರುವಷ್ಟರಲ್ಲಿ ಸುಮಾರು 2 ಮಿ.ಮೀ. ಓರೆ. ಏಳೆಂಟು ಕಟ್‌ಗೊಮ್ಮೆ ಬ್ಲೇಡ್ ಚಕ್ರದಿಂದ ಕಳಚಿ ಬೀಳುತ್ತದೆ. 25 ಮಿ.ಮೀ. ಸ್ಕ್ವೇರ್ ಟ್ಯೂಬ್, 2 ಮಿ.ಮೀ. ಗೇಜಿನದು, ಕತ್ತರಿಸುವಾಗ ಒಂದೇ ಕಡೆ ನಾಲ್ಕೈದು ಹಲ್ಲು ಮುರಿದವು. ಬ್ಲೇಡನ್ನು ನೆಟ್ಟಗೆ ಹಿಡಿಯುವ ಗೈಡ್ ಬೇರಿಂಗ್‌ಗಳನ್ನು ಅತ್ತಿತ್ತ ತಿರುಗಿಸಿದ್ದಾಯಿತು, ಪ್ರಯೋಜನ ಆಗಲಿಲ್ಲ. ಯಾವ ಕ್ರಮದಲ್ಲಿ ಹೋಗಬೇಕು?

ಫಿಟ್ಟರ್_ಪೀಣ್ಯ:

ಸರ್, ಗೈಡ್‌ಗೆ ಕೈ ಹಾಕಿದ್ದೇ ಮೊದಲ ತಪ್ಪು. ಈ ಮೆಷಿನ್ನಿನಲ್ಲಿ ಚಕ್ರ, ಆಮೇಲೆ ಬಿಗಿ, ಆಮೇಲೆ ಗೈಡ್, ಆಮೇಲೆ ಮಾಲು ಹಿಡಿಯುವ ವೈಸ್, ಕೊನೆಗೆ ತಲೆಯ (ಬ್ಲೇಡ್ ಹೊತ್ತು ಕೆಳಗಿಳಿಯುವ ಭಾಗದ) ಭಾರ. ಹಿಂದಿನದು ಸರಿಯಾಗದೆ ಮುಂದಿನದನ್ನು ಮುಟ್ಟಿದರೆ ಒಂದು ತಪ್ಪನ್ನು ಇನ್ನೊಂದು ಮುಚ್ಚುತ್ತದೆ, ಎರಡು ದಿನ ಬಿಟ್ಟು ಮತ್ತೆ ಎದ್ದು ಬರುತ್ತದೆ. ಬ್ಲೇಡ್ ಕಳಚೋದಕ್ಕೂ ಕಟ್ ಓರೆ ಆಗೋದಕ್ಕೂ ನಿಮ್ಮಲ್ಲಿ ಬೇರು ಒಂದೇ ಇರಬಹುದು.

ಮೊದಲು ಪ್ಲಗ್ ಕಿತ್ತಿಡಿ. ಎರಡೂ ಗೈಡ್ ಬ್ರಾಕೆಟ್ ಪೂರ್ತಿ ಬಿಚ್ಚಿ ಪಕ್ಕಕ್ಕಿಡಿ. ಬ್ಲೇಡ್ ಬರೀ ಎರಡು ಚಕ್ರದ ಮೇಲೆ ಇರಲಿ. ಮೋಟಾರ್ ಕಡೆಯ ಚಕ್ರವನ್ನು ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ ನೋಡಿ. ಚಕ್ರವನ್ನು ಶಾಫ್ಟಿಗೆ ಹಿಡಿಸುವ ಕೀ (ಉಕ್ಕಿನ ಬೆಣೆ) ಸಡಿಲವಿದ್ದರೆ ಅಥವಾ ಗ್ರಬ್ ಸ್ಕ್ರೂ (ತಲೆಯಿಲ್ಲದ ಪುಟ್ಟ ಸ್ಕ್ರೂ) ಬಿಟ್ಟಿದ್ದರೆ ಚಕ್ರ ಶಾಫ್ಟಿನ ಮೇಲೆ ಕೂದಲೆಳೆಯಷ್ಟು ಹೊರಗೆ ಸರಿಯುತ್ತಾ ಬರುತ್ತದೆ. ನಾಲ್ಕು ಕಟ್ ಸರಿ, ಎಂಟನೆಯದಕ್ಕೆ ಬ್ಲೇಡ್ ಕೆಳಗೆ ಎನ್ನುವ ಲಕ್ಷಣಕ್ಕೆ ಇದು ಸಾಮಾನ್ಯ ಕಾರಣ.

ಇನ್ನು ತುದಿಯ ಚಕ್ರ. ಬಿಗಿ ಮಾಡುವ ಹಿಡಿಕೆಯ ಹಿಂದಿನ ತಟ್ಟೆಯಲ್ಲಿ ಎರಡು ಹೆಕ್ಸ್ ಬೋಲ್ಟ್, ನಡುವೆ ಒಂದು ಅಲೆನ್ ಸ್ಕ್ರೂ ಇರುತ್ತದೆ. ಬೋಲ್ಟ್ ಸ್ವಲ್ಪ ಸಡಿಲಿಸಿ ಅಲೆನ್ ಸ್ಕ್ರೂ ತಿರುಗಿಸಿದರೆ ಚಕ್ರ ವಾಲುತ್ತದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಪ್ರತಿ ಸಲವೂ ಬೋಲ್ಟ್ ಬಿಗಿ ಮಾಡಿ, ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ಬ್ಲೇಡ್ ಹತ್ತು ಸುತ್ತು ಬರಲಿ. ಬ್ಲೇಡಿನ ಬೆನ್ನು ಚಕ್ರದ ಅಂಚಿನ ಹತ್ತಿರ ಓಡಬೇಕು, ಉಜ್ಜಬಾರದು.

ಉಜ್ಜುತ್ತಿದೆಯೋ ಇಲ್ಲವೋ ಕಣ್ಣಿಗೆ ತಿಳಿಯುವುದಿಲ್ಲ. ದಿನಪತ್ರಿಕೆಯ ಒಂದು ಬೆರಳಗಲದ ಪಟ್ಟಿ ಹರಿದು, ಬ್ಲೇಡಿನ ಬೆನ್ನಿಗೂ ಚಕ್ರದ ಅಂಚಿಗೂ ನಡುವೆ ಕೊಟ್ಟು ಕೈಯಲ್ಲಿ ತಿರುಗಿಸಿ. ಪಟ್ಟಿ ಎರಡು ತುಂಡಾಗಿ ಹೊರಬಂದರೆ ಬ್ಲೇಡ್ ಅಂಚನ್ನು ಒತ್ತುತ್ತಿದೆ. ಬರೀ ಮಡಿಕೆ ಬಿದ್ದು ಇಡಿಯಾಗಿ ಬಂದರೆ ಸರಿಯಾಗಿದೆ. ಏನೂ ಆಗದೆ ಹಾಗೇ ಜಾರಿ ಬಂದರೆ ಬ್ಲೇಡ್ ದೂರ ಇದೆ, ಭಾರ ಬಿದ್ದಾಗ ಕಳಚುತ್ತದೆ. ಪರೀಕ್ಷೆಯನ್ನು ಎರಡೂ ಚಕ್ರದಲ್ಲಿ ಮಾಡಿ.

ಬಿಗಿ ವಿಷಯಕ್ಕೆ ಬರೋಣ. "ಕೈಯಲ್ಲಿ ಆಗುವಷ್ಟು ತಿರುಗಿಸಿ" ಎನ್ನುವ ಮಾತಿಗೆ ಅರ್ಥವಿಲ್ಲ, ಒಬ್ಬೊಬ್ಬರ ಕೈ ಒಂದೊಂದು ಥರ. ಡಿಜಿಟಲ್ ವರ್ನಿಯರ್ ಇದ್ದರೆ ಅಳೆದೇ ನೋಡಬಹುದು. ಬಾಯಿ 125 ಮಿ.ಮೀ. ತೆರೆದು, ಎರಡೂ ದವಡೆಯನ್ನು ಪುಟ್ಟ ಕ್ಲ್ಯಾಂಪ್ ಹಾಕಿ ಬ್ಲೇಡಿಗೆ ಹಿಡಿಸಿ. ಲಾಕ್ ಸ್ಕ್ರೂ ಸಡಿಲವಿರಲಿ. ಬ್ಲೇಡಿನ ಜೋಲು ಹೋಗುವಷ್ಟು ಮಾತ್ರ ಬಿಗಿದು ಸೊನ್ನೆ ಒತ್ತಿ. ಈಗ ಹಿಡಿಕೆ ತಿರುಗಿಸುತ್ತಾ ಹೋದರೆ ಬ್ಲೇಡ್ ಉಕ್ಕು ಹಿಗ್ಗುವುದು ವರ್ನಿಯರ್‌ನಲ್ಲೇ ಕಾಣುತ್ತದೆ. 0.08ರಿಂದ 0.10 ಮಿ.ಮೀ. ತೋರಿಸಿದರೆ ಸಾಕು. ಅಷ್ಟಕ್ಕೇ ಎರಡೂ ಎಳೆ ಸೇರಿ 200 ಕೆಜಿಗೂ ಮೇಲಿನ ಎಳೆತ ಚಕ್ರದ ಮೇಲೆ ಬಿದ್ದಿರುತ್ತದೆ. ಇನ್ನೂ ಬಿಗಿದರೆ ಈ ಗಾತ್ರದ ಎರಕದ ಚೌಕಟ್ಟೇ ಬಾಗಿ, ಚಕ್ರದ ವಾಲು ಮತ್ತೆ ಕೆಡುತ್ತದೆ. ಬಿಗಿ ಆದ ಮೇಲೆ ಕಾಗದದ ಪರೀಕ್ಷೆ ಇನ್ನೊಮ್ಮೆ. ಕೆಲಸ ಮುಗಿದಾಗ ಹಿಡಿಕೆ ಎರಡು ಸುತ್ತು ಸಡಿಲಿಸಿ ಬಿಡಿ.

ಈಗ ಗೈಡ್. ಬ್ಲೇಡ್ ಚಕ್ರದ ಮೇಲೆ ಓರೆಯಾಗಿ ಮಲಗಿರುತ್ತದೆ, ಅದನ್ನು ತಿರುಚಿ ನೆಟ್ಟಗೆ ನಿಲ್ಲಿಸುವುದು ಗೈಡಿನ ಕೆಲಸ. ಪ್ರತಿ ಗೈಡಿನಲ್ಲಿ ಬ್ಲೇಡಿನ ಎರಡು ಪಕ್ಕಕ್ಕೆ ಎರಡು ಬೇರಿಂಗ್, ಬೆನ್ನಿಗೆ ಒಂದು. ಪಕ್ಕದ ಎರಡರಲ್ಲಿ ಒಂದರ ಬೋಲ್ಟ್ ಎಕ್ಸೆಂಟ್ರಿಕ್ ಆಗಿರುತ್ತದೆ, ಸ್ಪ್ಯಾನರ್‌ನಲ್ಲಿ ತಿರುಗಿಸಿದರೆ ಬೇರಿಂಗ್ ಹತ್ತಿರ ದೂರ ಸರಿಯುತ್ತದೆ. ಬ್ಲೇಡ್ ನಿಂತಿರುವಾಗ ಬೇರಿಂಗನ್ನು ಬೆರಳಲ್ಲಿ ತಿರುಗಿಸಿ. ತುಸು ತಡೆದು, ಜಾರಿಕೊಂಡು ತಿರುಗಬೇಕು. ಸಲೀಸಾಗಿ ತಿರುಗಿದರೆ ಸಡಿಲ, ತಿರುಗದೇ ಇದ್ದರೆ ಅತಿ ಬಿಗಿ. ಬೆನ್ನಿನ ಬೇರಿಂಗ್ ಖಾಲಿ ಓಡುವಾಗ ಬ್ಲೇಡನ್ನು ಮುಟ್ಟಬಾರದು, ಕಟ್ ಮಾಡುವಾಗ ಮಾತ್ರ ತಾಗಿ ತಿರುಗಬೇಕು. ಅದು ಬ್ಲೇಡನ್ನು ಕೆಳಗೆ ತಳ್ಳುವಷ್ಟು ಇಳಿದಿದ್ದರೆ ಚಕ್ರದಿಂದ ಬ್ಲೇಡ್ ಕಳಚಲು ಅದೂ ಒಂದು ದಾರಿ.

ಮೆಷಿನ್ ತಲೆ ಇಳಿಸಿ, ಬೆಡ್ಡಿನ ಮೇಲೆ ಟ್ರೈ ಸ್ಕ್ವೇರ್ (ಮೂಲೆಮಟ್ಟ) ನಿಲ್ಲಿಸಿ ಬ್ಲೇಡಿಗೆ ತಾಗಿಸಿ. ಹಲ್ಲು ಎರಡೂ ಕಡೆ ಹೊರಗೆ ಬಾಗಿರುವುದರಿಂದ ಹಲ್ಲಿಗೆ ತಾಗಿಸಿದರೆ ಅಳತೆ ಸುಳ್ಳು, ಹಲ್ಲಿನ ಮೇಲಿನ ನುಣುಪು ಭಾಗಕ್ಕೇ ತಾಗಬೇಕು. ಹಿಂದೆ ಬೆಳಕು ಹಿಡಿದರೆ ಸಂದು ಚೆನ್ನಾಗಿ ಕಾಣುತ್ತದೆ. ಎಡಗಡೆಯ ಗೈಡಿನ ಪಕ್ಕ ಒಮ್ಮೆ, ಬಲಗಡೆಯದರ ಪಕ್ಕ ಒಮ್ಮೆ ನೋಡಿ, ಬ್ರಾಕೆಟ್ಟಿನ ಬೋಲ್ಟ್ ಸಡಿಲಿಸಿ ತಿರುಗಿಸಿ ಸರಿಮಾಡಿ. ಎರಡೂ ಕಡೆ ಒಂದೇ ಥರ ಇರಬೇಕು. ನಿಮ್ಮದು 50ಕ್ಕೆ 2 ಮಿ.ಮೀ. ಅಂದರೆ ಎರಡು ಡಿಗ್ರಿಗಿಂತ ಸ್ವಲ್ಪ ಜಾಸ್ತಿ, ಸ್ಕ್ವೇರ್ ಇಟ್ಟ ತಕ್ಷಣ ಕಣ್ಣಿಗೆ ಹೊಡೆಯುತ್ತದೆ.

ಸ್ಕ್ವೇರ್‌ನಲ್ಲಿ ಏನೂ ಕಾಣದೆ ಕಟ್ ಮಾತ್ರ ಓರೆ ಬಂದರೆ, ಕತ್ತರಿಸಿದ ಮುಖಕ್ಕೆ ಸ್ಕೇಲ್ ಅಡ್ಡ ಇಟ್ಟು ನೋಡಿ. ಮುಖ ಸಮತಟ್ಟಾಗಿದ್ದು ಒಟ್ಟಾರೆ ವಾಲಿದ್ದರೆ ಗೈಡ್ ಅಥವಾ ವೈಸ್ ಕೋನ ತಪ್ಪಿದೆ. ಮುಖ ಬಿಲ್ಲಿನ ಹಾಗೆ ಬಾಗಿದ್ದರೆ ಕೋನದ ತಪ್ಪಲ್ಲ: ಬಿಗಿ ಸಾಲದು, ಭಾರ ಜಾಸ್ತಿ, ಅಥವಾ ಬ್ಲೇಡಿನ ಒಂದು ಪಕ್ಕದ ಹಲ್ಲು ಸವೆದಿದೆ. ಗಟ್ಟಿ ಮಾಲನ್ನು ಒಮ್ಮೆ ಸವರಿದ ಬ್ಲೇಡ್ ಆ ಮೇಲೆ ಯಾವಾಗಲೂ ಚೂಪಿರುವ ಕಡೆಗೇ ಎಳೆಯುತ್ತದೆ, ಅದನ್ನು ಗೈಡ್ ತಿರುಗಿಸಿ ಸರಿಮಾಡಲು ಹೋಗಬೇಡಿ. ಹೊಸ ಬ್ಲೇಡ್ ಹಾಕಿದ ದಿನ ಅದೇ ತಿರುಗಣೆ ನಿಮ್ಮನ್ನು ಉಲ್ಟಾ ಓರೆಗೆ ಒಯ್ಯುತ್ತದೆ.

ಎರಡು ಗೈಡ್‌ಗಳ ನಡುವಿನ ಅಂತರ ಎಷ್ಟು ಕಡಿಮೆಯೋ ಅಷ್ಟು ನೇರ. 25 ಮಿ.ಮೀ. ಟ್ಯೂಬಿಗೆ ಗೈಡನ್ನು 100 ಮಿ.ಮೀ.ಗೆ ಬಿಟ್ಟು ಕತ್ತರಿಸುವುದನ್ನು ಎಷ್ಟೋ ಕಡೆ ನೋಡುತ್ತೇವೆ. ಸರಿಸುವ ತೋಳನ್ನು ಮಾಲಿನಿಂದ 5–6 ಮಿ.ಮೀ.ವರೆಗೂ ತನ್ನಿ.

ಗ್ಯಾರೇಜ್_ಹುಬ್ಬಳ್ಳಿ:

ನಮಸ್ಕಾರ್ರಿ. ಪೀಣ್ಯದವ್ರು ಹೇಳಿದ್ದೆಲ್ಲಾ ಖರೆ ಐತಿ. ಆದ್ರ ಹಲ್ಲು ಉದುರೋದು ಸೆಟ್ಟಿಂಗ್‌ದಲ್ಲ, ಮಾಲು ಹಿಡಿಯೋದು ಮತ್ತ ಹಲ್ಲಿನ ಲೆಕ್ಕದ್ದು.

ಇಂಚಿಗೆ 14 ಹಲ್ಲಂದ್ರ ಹಲ್ಲಿಂದ ಹಲ್ಲಿಗೆ 1.8 ಮಿ.ಮೀ. ನಿಮ್ಮ ಟ್ಯೂಬಿನ ಗ್ವಾಡಿ 2 ಮಿ.ಮೀ. ಬ್ಲೇಡ್ ಮ್ಯಾಲಿನ ತಟ್ಟೆ ಕಡಿವಾಗ 14 ಹಲ್ಲು ಕೂಡಿ ಕೆಲಸ ಮಾಡ್ತಾವ. ಅದು ಕಡದು ಎರಡು ಪಕ್ಕದ ಗ್ವಾಡಿಗೆ ಇಳೀತು ಅನ್ರಿ, ಒಂದೊಂದು ಗ್ವಾಡಿಗೆ ಒಂದs ಹಲ್ಲು. ಅಷ್ಟೂ ಭಾರ ಆ ಒಂದರ ಮ್ಯಾಲೆ ಬಿದ್ದು ಪಟ್ ಅಂತ ಹೋಗತೈತಿ. ಒಂದು ಹೋತಂದ್ರ ಅದರ ಹಿಂದಿಂದಕ್ಕ ಎರಡು ಪಟ್ಟು ಹೊಡೆತ, ಹಿಂಗಾಗಿ ಸಾಲಾಗಿ ನಾಕೈದು ಹೋಗ್ತಾವ.

ಯಾವಾಗ್ಲೂ ಕನಿಷ್ಠ ಮೂರು ಹಲ್ಲು ಮಾಲಿನ್ಯಾಗ ಇರಬೇಕು ಅಂತಾರ. 2 ಮಿ.ಮೀ. ಗ್ವಾಡಿಗೆ ಆ ಲೆಕ್ಕ ಪೂರ್ತಿ ಕೂಡೂದಿಲ್ಲ, 24 ಹಲ್ಲಿನ ಬ್ಲೇಡ್ ಹಾಕಿದ್ರೂ ಎರಡs. ಅದಕ್ಕ ಟ್ಯೂಬಿಗೆ 18 ಇಲ್ಲಾ 24 ಹಲ್ಲಿಂದು ಹಾಕ್ರಿ, ಭಾರ ಅರ್ಧಕ್ಕ ಇಳಸ್ರಿ. ಪಕ್ಕದ ಗ್ವಾಡಿಗೆ ಬಂದಾಗ ತಲಿ ಕೈಲೆ ಸ್ವಲ್ಪ ಎತ್ತಿ ಹಿಡೀರಿ.

ಎಲ್ ಆಕಾರದ ಆಂಗಲ್ ಕಡಿವಾಗ ಒಂದು ಕಾಲು ನಿಲ್ಲಿಸಿ, ಒಂದು ಮಲಗಿಸಿ ಹಿಡಿಬ್ಯಾಡ್ರಿ. ಮೂಲಿ ಮ್ಯಾಲೆ ಬರೋ ಹಂಗ, ಮನಿ ಮಾಡಿನಂಗ ಕವುಚಿ ಇಡ್ರಿ. ಅವಾಗ ಬ್ಲೇಡ್ ಎರಡೂ ಕಾಲನ್ನ ಓರೆ ಕಡೀತೈತಿ, ಮೊದಲಿಂದ ಕಡಿತನಕ ಹಲ್ಲಿನ ಲೆಕ್ಕ ಒಂದs ಥರ ಇರತೈತಿ. ಶುರು ಮಾಡೂವಾಗ ಮಾತ್ರ ಆ ಚೂಪು ಮೂಲಿ ಮ್ಯಾಲೆ ತಲಿ ಧಪ್ ಅಂತ ಬಿಡಬಾರ್ದು. ಬ್ಲೇಡ್ ಓಡಾಕ ಹತ್ತಿದ ಮ್ಯಾಲೆ ಮೆತ್ತಗ ಇಳಿಸಿ, ಒಂದು ಗೆರಿ ಬೀಳೂತನಕ ಕೈ ಬಿಡಬ್ಯಾಡ್ರಿ.

ಸಣ್ಣ ತುಂಡು ಹಿಡಿಯೋದು ಇನ್ನೊಂದು ಫಜೀತಿ. 30 ಮಿ.ಮೀ. ತುಂಡನ್ನ ವೈಸಿನ ಒಂದು ತುದಿಗೆ ಹಿಡಿದ್ರ ಓಡಾಡೋ ದವಡಿ ವಾರಿ ಆಗಿ, ನಡುವ ತುಂಡು ತಿರುಗಿ ಬ್ಲೇಡ್ ಸಿಗ್ತೈತಿ. ಅದs ದಪ್ಪಿನ ಇನ್ನೊಂದು ತುಂಡು ದವಡಿಯ ಇನ್ನೊಂದು ತುದಿಗೆ ಕೊಟ್ಟು ಬಿಗೀರಿ. ದವಡಿ ತುದಿಗೆ ರಂಧ್ರ ಹೊಡೆದು ಎಂ10 ಬೋಲ್ಟ್ ಹಾಕಿಟ್ರ ಇನ್ನೂ ಚಲೋ, ಎಷ್ಟು ಬೇಕೋ ಅಷ್ಟು ತಿರುಗಿಸಿ ಆಧಾರ ಕೊಡಬಹುದು.

ಮನೆ_ವರ್ಕ್‌ಶಾಪ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಪರೀಕ್ಷೆ ಮಾಡಿದ ಫಲಿತಾಂಶ: ಮೋಟಾರ್ ಕಡೆಯ ಚಕ್ರದ ಗ್ರಬ್ ಸ್ಕ್ರೂ ಸಡಿಲವಿತ್ತು, ಚಕ್ರ ಸುಮಾರು 1.5 ಮಿ.ಮೀ. ಹೊರಗೆ ಬಂದಿತ್ತು. ಒಳಗೆ ತಳ್ಳಿ ಬಿಗಿ ಮಾಡಿದ ಮೇಲೆ ಕಾಗದ ಮಡಿಕೆ ಬಿದ್ದು ಇಡಿಯಾಗಿ ಬರುತ್ತಿದೆ. ವರ್ನಿಯರ್‌ನಲ್ಲಿ 0.09 ಬಂತು. ಎಡ ಗೈಡ್ ಸ್ಕ್ವೇರಿಗೆ ಸರಿ, ಬಲದ್ದು ವಾಲಿತ್ತು, ಸರಿಮಾಡಿದೆ. ಈಗ 50 ಮಿ.ಮೀ. ರಾಡಿಗೆ ಓರೆ 0.3 ಮಿ.ಮೀ. ಮಾತ್ರ.

ಇನ್ನೆರಡು ಪ್ರಶ್ನೆ. ತಲೆಯ ಭಾರ ಎಷ್ಟಿರಬೇಕು? ಸಂಜೆ ಹೊತ್ತು ಮೋಟಾರ್ ಎಳೆಯುವುದಿಲ್ಲ, ಕಟ್ ನಡುವೆಯೇ ನಿಂತುಬಿಡುತ್ತದೆ, ಬೆಳಿಗ್ಗೆ ಸರಿ ಇರುತ್ತದೆ. ಮೋಟಾರ್ ಹಾಳಾಗಿದೆಯೇ?

ಫಿಟ್ಟರ್_ಪೀಣ್ಯ:

0.3 ಚೆನ್ನಾಗಿದೆ ಸರ್, ಈ ಮೆಷಿನ್ನಿಗೆ ಅದಕ್ಕಿಂತ ಹೆಚ್ಚು ಹಿಂಸೆ ಕೊಡಬೇಡಿ. ಆ ಗ್ರಬ್ ಸ್ಕ್ರೂ ಬಿಚ್ಚಿ, ಎಣ್ಣೆ ಒರೆಸಿ, ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ ಮತ್ತೆ ಬಿಗಿಯಿರಿ.

ಭಾರ ಅಳೆಯಲು ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿ ಸಾಕು. ಮೆಷಿನ್ ಆಫ್ ಇರುವಾಗ ತಲೆಯ ತುದಿಯ ಹಿಡಿಕೆಗೆ ಕೊಕ್ಕೆ ಸಿಕ್ಕಿಸಿ, ತಲೆ ಮಟ್ಟವಾಗಿರುವಾಗ ಎತ್ತಿ. ಗಟ್ಟಿ ಎಂಎಸ್ ರಾಡಿಗೆ 2.5ರಿಂದ 3.5 ಕೆಜಿ, ಟ್ಯೂಬಿಗೆ ಒಂದೂವರೆ ಕೆಜಿ ಹತ್ತಿರ. ಹಿಂದಿನ ಸ್ಪ್ರಿಂಗ್ ಬಿಗಿದರೆ ಭಾರ ಇಳಿಯುತ್ತದೆ.

ತಕ್ಕಡಿಗಿಂತಲೂ ಚೆನ್ನಾಗಿ ಹೇಳುವುದು ಕೆಳಗೆ ಬೀಳುವ ಚೂರು. ಒಂದು ಚಿಟಿಕೆ ಬಿಳಿ ಕಾಗದದ ಮೇಲೆ ಹರಡಿ. ಪುಟ್ಟ ಪುಟ್ಟ ಸುರುಳಿ, ಬೆಳ್ಳಿ ಬಣ್ಣ, ಮುಟ್ಟಿದರೆ ಬೆಚ್ಚಗೆ: ಸರಿ. ಹಿಟ್ಟಿನ ಹಾಗೆ ಪುಡಿ ಬಂದರೆ ಭಾರ ಸಾಲದು, ಹಲ್ಲು ಕತ್ತರಿಸದೆ ಬರೀ ಉಜ್ಜಿ ಮೊಂಡಾಗುತ್ತಿದೆ. ದಪ್ಪ ಚೂರು, ನೀಲಿ ಅಥವಾ ಕಂದು ಬಣ್ಣ ಬಂದರೆ ಭಾರವೋ ವೇಗವೋ ಜಾಸ್ತಿ. ಸ್ಟೇನ್‌ಲೆಸ್‌ನಲ್ಲಿ ಈ ಉಜ್ಜುವುದು ಬಹಳ ಅಪಾಯ, ಉಜ್ಜಿದ ಜಾಗವೇ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಯಾವ ಬ್ಲೇಡೂ ಒಳಗೆ ಹೋಗಲ್ಲ. ಅಲ್ಲಿ ವೇಗ 20ಕ್ಕೆ ಇಳಿಸಿ, ಭಾರ ಮಾತ್ರ ಬಿಡಬೇಡಿ.

ಕಾರ್ಬನ್ ಬ್ಲೇಡಿನಲ್ಲಿ ಎಂಎಸ್‌ಗೆ 29 ಇಡಿ. ಬೈಮೆಟಲ್ ಬ್ಲೇಡ್ ಹಾಕಿದ ಮೇಲೆ ಎಂಎಸ್‌ಗೂ 50 ನಡೆಯುತ್ತದೆ. ಅಲ್ಯುಮಿನಿಯಂಗೆ ಯಾವ ಬ್ಲೇಡಿದ್ದರೂ 50. ತಟ್ಟೆಯ ಮೇಲೆ ಬರೆದಿರುವ ವೇಗವನ್ನು ಒಮ್ಮೆ ತಾಳೆ ನೋಡಿ: ಚಕ್ರ 187 ಮಿ.ಮೀ. ವ್ಯಾಸದ್ದಾದರೆ 29 ಮೀಟರಿಗೆ ನಿಮಿಷಕ್ಕೆ ಸುಮಾರು 49 ಸುತ್ತು ಬರಬೇಕು. ಚಕ್ರದ ಮೇಲೆ ಚಾಕ್ ಗುರುತು ಹಾಕಿ ಎಣಿಸಬಹುದು.

ಬೈಮೆಟಲ್ ಅಂದರೆ ಬೆನ್ನು ಬಾಗುವ ಉಕ್ಕು, ಹಲ್ಲಿನ ಅಂಚು ಎಂ42 ಹೈಸ್ಪೀಡ್ ಸ್ಟೀಲ್. ಬೆಲೆ ಜಾಸ್ತಿ, ಬಾಳಿಕೆ ಅದಕ್ಕಿಂತ ಜಾಸ್ತಿ. ಆದರೆ ಮೆಷಿನ್ ಸರಿಯಾಗುವವರೆಗೂ ಹಾಕಬೇಡಿ ಎನ್ನುವುದು ನನ್ನ ಸಲಹೆ. ಸುರುಳಿಯಿಂದ ಕತ್ತರಿಸಿ ಅಳತೆಗೆ ವೆಲ್ಡ್ ಮಾಡಿಕೊಡುವವರು ಪೀಣ್ಯದಲ್ಲಿ ಸಿಗುತ್ತಾರೆ. ಕೇಳುವಾಗ 0.64 ದಪ್ಪದ್ದೇ ಬೇಕು ಎಂದು ಒತ್ತಿ ಹೇಳಿ. 0.9 ಮಿ.ಮೀ.ದನ್ನು ಇಷ್ಟು ಚಿಕ್ಕ ಚಕ್ರಕ್ಕೆ ಸುತ್ತಿದರೆ ಬಾಗುವ ಒತ್ತಡ ಒಂದೂವರೆ ಪಟ್ಟಿನ ಹತ್ತಿರ ಹೋಗಿ, ಹಲ್ಲು ಚೂಪಿರುವಾಗಲೇ ಬ್ಲೇಡ್ ತುಂಡಾಗುತ್ತದೆ. ವೆಲ್ಡ್ ಮಾಡಿದ ಜಾಗವನ್ನು ಬೆರಳಲ್ಲಿ ಸವರಿ ನೋಡಿ, ಉಬ್ಬು ಉಳಿದಿದ್ದರೆ ಪ್ರತಿ ಸುತ್ತಿಗೂ ಗೈಡಿನಲ್ಲಿ ಟಕ್ ಟಕ್ ಎನ್ನುತ್ತದೆ. ಗ್ರೈಂಡ್ ಮಾಡಿಸಿಕೊಂಡೇ ಬನ್ನಿ.

ಹೊಸ ಬ್ಲೇಡನ್ನು ಮೊದಲು ಪಳಗಿಸಬೇಕು. ಮೊದಲ 300 ಚದರ ಸೆಂ.ಮೀ., ಅಂದರೆ 50 ಮಿ.ಮೀ. ರಾಡಿನ 15 ಕಟ್‌ನಷ್ಟು, ಅರ್ಧ ಭಾರದಲ್ಲೇ ಕತ್ತರಿಸಿ. ಹೊಸ ಹಲ್ಲಿನ ತುದಿ ಕೂದಲಿನಷ್ಟು ತೆಳುವಾಗಿರುತ್ತದೆ, ಪೂರ್ತಿ ಭಾರ ಬಿದ್ದರೆ ಚಿಪ್ಪೇಳುತ್ತದೆ. ಕಟ್ ಅರ್ಧದಲ್ಲಿ ಬ್ಲೇಡ್ ಬದಲಿಸಿದರೆ ಹಳೆಯ ಸೀಳಿಗೆ ಹೊಸದನ್ನು ಇಳಿಸಲೇಬಾರದು. ಸವೆದ ಬ್ಲೇಡಿನ ಸೀಳು ಇಕ್ಕಟ್ಟು, ಹೊಸದರ ಹಲ್ಲು ಅಗಲ. ರಾಡನ್ನು ತಿರುಗಿಸಿ ಇನ್ನೊಂದು ಕಡೆಯಿಂದ ಶುರು ಮಾಡಿ.

ಮೋಟಾರ್_ವೈಂಡಿಂಗ್:

ಮೋಟಾರ್ ಪ್ರಶ್ನೆಗೆ ಉತ್ತರ. ಬಿಚ್ಚುವ ಮೊದಲು ಸಂಜೆ ಹೊತ್ತು ಮೆಷಿನ್ ಓಡುತ್ತಿರುವಾಗಲೇ ಪ್ಲಗ್ ಹತ್ತಿರ ವೋಲ್ಟೇಜ್ ಅಳೆಯಿರಿ. ಇಂಡಕ್ಷನ್ ಮೋಟಾರಿನ ಎಳೆತ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230 ಇರಬೇಕಾದಲ್ಲಿ 180 ಬಂದರೆ ಎಳೆತ ಸುಮಾರು ಶೇ. 60ಕ್ಕೆ ಬೀಳುತ್ತದೆ. ಬೆಳಿಗ್ಗೆ ಸರಿ, ಸಂಜೆ ಇಲ್ಲ ಅಂದರೆ ಬಹುತೇಕ ಇದೇ. ಶೆಡ್ಡಿಗೆ ಎಳೆದಿರುವ ವೈರ್ ತೆಳುವಿದ್ದರೆ ಇನ್ನಷ್ಟು ಇಳಿಯುತ್ತದೆ, 2.5 ಚದರ ಮಿ.ಮೀ. ತಾಮ್ರದ ವೈರ್ ಹಾಕಿಸಿ. ಸರಬರಾಜಿನಲ್ಲೇ ಕಡಿಮೆ ಇದ್ದರೆ ಸ್ಟೆಬಿಲೈಜರ್, ಇಲ್ಲವಾದರೆ ಸಂಜೆ ದಪ್ಪ ಮಾಲು ಕತ್ತರಿಸಬೇಡಿ. ನಿಂತುಹೋದ ಮೋಟಾರಿಗೆ ಕರೆಂಟ್ ಹಾಗೇ ಬಿಟ್ಟರೆ ವೈಂಡಿಂಗ್ ಸುಡಲು ಹೆಚ್ಚು ಹೊತ್ತು ಬೇಡ. ವೋಲ್ಟೇಜ್ ಸರಿಯಿದ್ದೂ ಎಳೆಯದಿದ್ದರೆ ಆಮೇಲೆ ಬೆಲ್ಟ್ ಜಾರುವುದನ್ನು ನೋಡಿ, ನಂತರ ಕೆಪಾಸಿಟರ್.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ, ದಯವಿಟ್ಟು ಗಮನ ಕೊಡಿ. ನಿಮ್ಮ ಮೆಷಿನ್ನಿನಲ್ಲಿ ಬರೀ ಟಾಗಲ್ ಸ್ವಿಚ್ ಇದ್ದರೆ, ಕರೆಂಟ್ ಹೋಗಿ ಬಂದಾಗ ಬ್ಲೇಡ್ ತಾನಾಗಿಯೇ ಓಡಲು ಶುರುವಾಗುತ್ತದೆ. ಆ ಹೊತ್ತಿಗೆ ಕೈ ವೈಸಿನ ಮೇಲಿರಬಹುದು. ನಮ್ಮ ಕಡೆ ಕರೆಂಟ್ ಹೋಗಿ ಬರುವುದು ದಿನದ ಮಾತು, ಆದ್ದರಿಂದ ಡಿಒಎಲ್ ಸ್ಟಾರ್ಟರ್ (ಬಟನ್ ಒತ್ತಿ ಮೋಟಾರ್ ಓಡಿಸುವ ಸ್ವಿಚ್ ಪೆಟ್ಟಿಗೆ) ಹಾಕಲೇಬೇಕು. ಕರೆಂಟ್ ಹೋದರೆ ಅದು ಬಿಟ್ಟುಕೊಳ್ಳುತ್ತದೆ, ಹಸಿರು ಬಟನ್ ಒತ್ತದೆ ಮತ್ತೆ ಓಡುವುದಿಲ್ಲ. ಪಂಪ್‌ಸೆಟ್ಟಿನ ಹಳೆಯ ಸ್ಟಾರ್ಟರ್ ತಂದು ಹಾಕಬೇಡಿ, ಅದರ ಕಾಯಿಲ್ 415 ವೋಲ್ಟಿನದು, ಸಿಂಗಲ್ ಫೇಸಿನಲ್ಲಿ ಎಳೆಯುವುದಿಲ್ಲ. ಅಂಗಡಿಯಲ್ಲಿ 230 ವೋಲ್ಟ್ ಕಾಯಿಲ್‌ನದು ಕೇಳಿ, ಓವರ್‌ಲೋಡ್ ರಿಲೇಯನ್ನು ಮೋಟಾರಿನ ನೇಮ್‌ಪ್ಲೇಟ್ ಆಂಪಿಯರ್‌ಗೆ ತಿರುಗಿಸಿ. ಕಟ್ ಮುಗಿದಾಗ ತಲೆ ಬಿದ್ದು ಆಫ್ ಆಗುವ ಸ್ವಿಚ್ಚನ್ನು ಸ್ಟಾರ್ಟರಿನ ಸ್ಟಾಪ್ ಬಟನ್ ಜೊತೆ ಸೀರೀಸಿನಲ್ಲಿ ಕೊಡಿ, ಅದೂ ಹಾಗೇ ಕೆಲಸ ಮಾಡುತ್ತದೆ. ಬಾಡಿಗೆ ಅರ್ಥಿಂಗ್, ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇರಲಿ. ವೈರಿಂಗ್ ಅಭ್ಯಾಸವಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ಗ್ಯಾರೇಜ್_ಹುಬ್ಬಳ್ಳಿ:

ಸ್ಟಾರ್ಟರ್ ಮಾತು ಬಾಳ ಚಲೋ ಹೇಳಿದ್ರಿ. ಅದರ ಜೋಡಿ ಇನ್ನೊಂದು: ಬ್ಲೇಡ್ ಏರಿಸೋವಾಗ, ಇಳಿಸೋವಾಗ ಕೈಗವಸು ಬೇಕು. ಮೆಷಿನ್ ಓಡೂವಾಗ ಕೈಗವಸು ಹಾಕಲೇಬಾರ್ದು, ಹಲ್ಲಿಗೆ ಬಟ್ಟಿ ಸಿಕ್ರ ಕೈ ಎಳಕೊಂಡು ಹೋಗತೈತಿ. ಚೂರು ಬ್ರಷ್‌ಲೆ ತಗೀರಿ. ಕನ್ನಡಕ ಬಿಡಬ್ಯಾಡ್ರಿ.

ಮನೆ_ವರ್ಕ್‌ಶಾಪ್:

ಪ್ಲಗ್ ಹತ್ತಿರ ಸಂಜೆ 186 ವೋಲ್ಟ್ ಬರುತ್ತಿದೆ. ಸ್ಟಾರ್ಟರ್ ನಾಳೆಯೇ ತರುತ್ತೇನೆ. ಕೂಲೆಂಟ್ ಬೇಕೇ? ಗೇರ್‌ಬಾಕ್ಸ್‌ಗೆ ಯಾವ ಎಣ್ಣೆ?

ಫಿಟ್ಟರ್_ಪೀಣ್ಯ:

ಮನೆ ಕೆಲಸಕ್ಕೆ ಪಂಪ್, ಟ್ಯಾಂಕ್ ಯಾವುದೂ ಅಗತ್ಯವಿಲ್ಲ. ನಿಂತ ಕೂಲೆಂಟ್ ನೀರು ಕೆಲವೇ ವಾರಕ್ಕೆ ನಾತ ಹೊಡೆಯುತ್ತದೆ, ಬೆಡ್ ತುಕ್ಕು ಹಿಡಿಯುತ್ತದೆ. ಎಂಎಸ್‌ಗೆ ಓಡುವ ಬ್ಲೇಡಿನ ಪಕ್ಕಕ್ಕೆ ಮೇಣದ ಕಡ್ಡಿ ಸವರಿದರೆ ಸಾಕು. ಅಲ್ಯುಮಿನಿಯಂಗೆ ಮೇಣ ಬೇಕೇ ಬೇಕು, ಇಲ್ಲದಿದ್ದರೆ ಹಲ್ಲಿನ ಸಂದಿನಲ್ಲಿ ಅಂಟಿ ಬ್ಲೇಡ್ ಬರೀ ಜಾರುತ್ತದೆ. ಬೀಡು ಕಬ್ಬಿಣ ಮತ್ತು ಹಿತ್ತಾಳೆಗೆ ಏನೂ ಬೇಡ, ಒಣಗೇ ಕತ್ತರಿಸಿ. ಬೀಡಿನ ಪುಡಿಗೆ ಎಣ್ಣೆ ಸೇರಿದರೆ ಅರೆಯುವ ಪೇಸ್ಟ್ ಆಗಿ ಗೈಡ್ ಬೇರಿಂಗನ್ನು ತಿನ್ನುತ್ತದೆ.

ಗೇರ್‌ಬಾಕ್ಸ್ ಒಳಗೆ ಉಕ್ಕಿನ ವರ್ಮ್ (ಸ್ಕ್ರೂ ಥರದ ಗೇರ್), ಕಂಚಿನ ಗೇರ್ ಇರುತ್ತದೆ. ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿ ಒಳಗಿನದನ್ನು ಒಂದು ಸಲ ಪೂರ್ತಿ ತೆಗೆದುಬಿಡಿ. ಹೊಸ ಮೆಷಿನ್ನಿನ ಎಣ್ಣೆಯಲ್ಲಿ ಎರಕದ ಮರಳು, ಕಬ್ಬಿಣದ ಪುಡಿ ಉಳಿದಿರುವುದುಂಟು. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು, ಒರೆಸಿ, 90 ಗ್ರೇಡಿನ ಗೇರ್ ಎಣ್ಣೆ ಹಾಕಿ. ಡಬ್ಬಿಯ ಮೇಲೆ ಜಿಎಲ್-4 ಎಂದಿರಲಿ. ಜಿಎಲ್-5ರಲ್ಲಿ ಗಂಧಕದ ಅಂಶ ಹೆಚ್ಚು, ಬಿಸಿಯಾದಾಗ ಕಂಚಿಗೆ ಒಳ್ಳೆಯದಲ್ಲ. ವರ್ಮ್ ಅರ್ಧ ಮುಳುಗುವಷ್ಟು ಸಾಕು, ತುಂಬಿಸಿದರೆ ತಲೆ ಎತ್ತಿದಾಗ ಶಾಫ್ಟ್ ಕಡೆಯಿಂದ ಸೋರಿ ಚಕ್ರಕ್ಕೆ ಎಣ್ಣೆ ಬೀಳುತ್ತದೆ. ಚಕ್ರಕ್ಕೆ ಎಣ್ಣೆ ಬಿತ್ತೆಂದರೆ ಬ್ಲೇಡ್ ಜಾರುತ್ತದೆ. ಹಾಗೇನಾದರೂ ಆದರೆ ಬಿಗಿ ಜಾಸ್ತಿ ಮಾಡಬೇಡಿ, ಥಿನ್ನರ್ ಹಾಕಿದ ಬಟ್ಟೆಯಲ್ಲಿ ಚಕ್ರದ ಓಟದ ಮೈ ಒರೆಸಿ, ಮುಚ್ಚಳಕ್ಕೆ ಹೊಸ ಪ್ಯಾಕಿಂಗ್ ಕತ್ತರಿಸಿ ಹಾಕಿ.